ಜರ್ಮನ್ ಮೈಯ ಕಾರು

ಅಥಣಿ ರಸ್ತೆಯಲ್ಲಿದ್ದ ಗಾಡಿ ಬಾಡಿ ಕಟ್ಟುವ ಅಂಗಡಿ ನನ್ನದು, ಹೆಸರು ಮಾತ್ರ ಉಸ್ತಾದರದು. ಅಪ್ಪನ ಕಾಲದಿಂದ ಅಲ್ಲಿ ಕೆಲಸಕ್ಕಿದ್ದ ಮುದುಕ ಮೇಸ್ತ್ರಿ. ಎಪ್ಪತ್ತರ ದಶಕದ ನಡುವೆ ಅಪ್ಪ ತೀರಿಕೊಂಡ ಮೇಲೂ ಬಂದ ಗಿರಾಕಿಗಳೆಲ್ಲ, "ಉಸ್ತಾದ್ರು ಅದಾರೇನ್ರಿ?" ಎಂದೇ ಕೇಳುತ್ತಿದ್ದರು. ಇಬ್ಬರು ಮಕ್ಕಳ ತಂದೆ ನಾನು. ನನ್ನ ಅಂಗಡಿಯಲ್ಲೇ ನಾನು ಲೆಕ್ಕಕ್ಕಿಲ್ಲ. ಮುದುಕ ತೊಲಗಲಿ ಎಂದು ದಿನವೂ ಬೇಡುತ್ತಿದ್ದೆ. ಹೊರಗೆ ಹಾಕಲು ಧೈರ್ಯವಿರಲಿಲ್ಲ.

ಬಬಲೇಶ್ವರದ ಗೌಡರು ಯಾವುದೋ ಸಂಸ್ಥಾನದ ಹಳೆಯ ಕಾರನ್ನು ಕೊಂಡು ತಂದು ನಿಲ್ಲಿಸಿದ್ದು ಆಗಲೇ. ಉದ್ದ ಮೂತಿ, ಡೊಂಕು ಮಡ್‌ಗಾರ್ಡು. ಒಳಗೆ ಕಟ್ಟಿಗೆಯ ಚೌಕಟ್ಟು, ಮೇಲೆ ತೆಳ್ಳನೆಯ ತಗಡು. ಚೌಕಟ್ಟನ್ನು ಗೆದ್ದಲು ತಿಂದಿತ್ತು. ಉಸ್ತಾದರು ತಗಡಿಗೆ ಬೆರಳಿನಿಂದ ತಟ್ಟಿ, "ಮೈಯೆಲ್ಲಾ ಜರ್ಮನ್ ಐತ್ರಿ ಗೌಡ್ರ" ಎಂದರು. ಗೌಡರ ಮುಖ ಅರಳಿತು.

ನಮ್ಮ ಕಡೆ ಅಲ್ಯುಮಿನಿಯಮ್ಮಿಗೆ ಜರ್ಮನ್ ಎನ್ನುತ್ತೇವೆ. ಅಡುಗೆಮನೆಯಲ್ಲಿ ಕೇಳಿದ್ದರೆ ಗೌಡರಿಗೂ ತಿಳಿಯುತ್ತಿತ್ತು. ಕಾರಿನ ಮುಂದೆ ನಿಂತು ಕೇಳಿದ್ದರಿಂದ ದೇಶ ಎಂದುಕೊಂಡರು. ನನಗೆ ಆ ಕ್ಷಣವೇ ಗೊತ್ತಾಯಿತು. ಬೇಕೆಂದೇ ಬಾಯಿ ಬಿಡಲಿಲ್ಲ.

ಎರಡು ತಿಂಗಳು ಉಸ್ತಾದರು ಆ ಕಾರಿಗೆ ಅಂಟಿಕೊಂಡರು. ಸಾಗವಾನಿಯ ಹೊಸ ಚೌಕಟ್ಟು ಕೂಡಿಸಿದರು. ಮೈ ಹರಿದಲ್ಲಿ ಅದೇ ಜಾತಿಯ ತಗಡನ್ನು ಉಸುಕಿನ ಚೀಲದ ಮೇಲಿಟ್ಟು, ಕಟ್ಟಿಗೆಯ ಸುತ್ತಿಗೆಯಿಂದ ಬಡಿದು ಬಡಿದು ಡೊಂಕು ತಂದರು. ಹಳೆಯದು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂಬುದು ಕೈಯಾಡಿಸಿದರೂ ಸಿಗುತ್ತಿರಲಿಲ್ಲ. ನನ್ನ ಹೊಟ್ಟೆ ಉರಿಯಿತು.

ಗೌಡರು ಕಾರನ್ನು ತಿಕೋಟಾದ ಬೀಗರ ಮನೆಗೆ ಒಯ್ದು, ಜರ್ಮನಿಯದೆಂದು ಮೀಸೆ ತಿರುವಿದರು. ಬೀಗರು ಬಾನೆಟ್ ಎತ್ತಿ ಹಿತ್ತಾಳೆ ಪಟ್ಟಿಯ ಮೇಲೆ ಇಂಗ್ಲೆಂಡಿನ ಹೆಸರು ಓದಿದರು. ಮೈ ತಟ್ಟಿ ನೋಡಿ, "ಹೌದ್ ಬಿಡ್ರಿ, ಜರ್ಮನ್ನ ಐತಿ. ನಮ್ಮ ನಾಯಿಗಿ ಅನ್ನ ಹಾಕೋ ಬೋಗುಣಿನೂ ಇದರದ ಐತಿ" ಎಂದರಂತೆ. ಹೆಂಗಸರೂ ಬಿದ್ದು ಬಿದ್ದು ನಕ್ಕರಂತೆ.

ಮರುದಿನ ಬೆಳಗ್ಗೆಯೇ ಗೌಡರು ಅಂಗಡಿಗೆ ನುಗ್ಗಿದರು. "ಜರ್ಮನ್ ಅಂದಾಂವ ಯಾವಂವಲೇ?"

ನಾನು ಬೆರಳು ಮಾಡಿ ತೋರಿಸಿದೆ.

"ತಗಡಿನ ಹೆಸರ ಹೇಳೀನ್ರಿ ಯಪ್ಪಾ, ಊರಿನ ಹೆಸರಲ್ರಿ" ಎಂದರು ಉಸ್ತಾದರು.

"ಬಡದ ಕೈಲೇನ ಎಲ್ಲಾ ಕಿತ್ತ ಒಗಿ. " ಗೌಡರು ನನ್ನತ್ತ ಕೈ ಮಾಡಿದರು. "ಕಬ್ಬಿಣದ ತಗಡ ಇಂವ ಹಾಕ್ತಾನ. ನಾಳಿಂದ ನೀ ಇಲ್ಲಿ ಕಾಣಬಾರ್ದು."

ಮುದುಕ ನನ್ನ ಕಡೆ ನೋಡಿದರು. ಅಂಗಡಿ ನನ್ನದು, ಒಂದು ಮಾತು ಸಾಕಿತ್ತು. "ಆತ್ರಿ ಗೌಡ್ರ" ಎಂದೆ.

ಸಂಜೆಯವರೆಗೆ ಉಸ್ತಾದರು ಒಂದೊಂದೇ ಮೊಳೆ ಕಿತ್ತರು. ತಾವು ಬಡಿದು ಎಬ್ಬಿಸಿದ ಮಡ್‌ಗಾರ್ಡನ್ನು ತಾವೇ ಬಡಿದು ಚಪ್ಪಟೆ ಮಾಡಿ ಗುಜರಿ ರಾಶಿಗೆ ಹಾಕಿದರು. ಗೌಡರು ಕುರ್ಚಿ ಹಾಕಿಸಿಕೊಂಡು ನೋಡಿದರು. ಕುರ್ಚಿ ಹಾಕಿದವನು ನಾನೇ.

ಗೌಡರು ಹೋದ ಮೇಲೆ ಉಸ್ತಾದರು ಕೈ ತೊಳೆದು ಬಂದು ಕೇಳಿದರು: "ಗೌಡ್ರು ತಪ್ಪ ತಿಳ್ಕೊಂಡಿದ್ದು ನಿನಗ ಮೊದಲ ಗೊತ್ತಿತ್ತಲ್ಲ ತಮ್ಮಾ?"

"ಗೊತ್ತಿತ್ರಿ."

ಅವರು ಕಾರಿನ ಬರಿಯ ಎಲುಬುಗಳಲ್ಲಿ ಬಾಗಿಲ ಕೀಲು ಕೂರುವ ಜಾಗವನ್ನು ಮುಟ್ಟಿ ತೋರಿಸಿದರು. "ಕಬ್ಬಿಣ ಭಾರ ಆಕ್ಕೈತಿ. ಬಾಗಲಾ ಜೋತ ಬೀಳ್ತಾವ. ಬಿಜಾಗರಿ ಹಿಂದ ದಪ್ಪ ಕಟ್ಟಿಗಿ ಕೊಡು" ಎಂದು ಹೇಳಿ ಹೋದರು.

ಹಾಗೆಯೇ ಮಾಡಿದೆ. ಬಾಗಿಲು ಜೋತು ಬೀಳಲಿಲ್ಲ. "ಕೆಲಸ ಅಂದ್ರ ಇದು ನೋಡು" ಎಂದು ಗೌಡರು ನನ್ನ ಬೆನ್ನು ತಟ್ಟಿದರು. ನನಗೆ ಅಂದು ನಾಚಿಕೆಯೂ ಆಗಲಿಲ್ಲ. ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ.