ಬಡಿದು ಕೇಳಬೇಕಾದ ಗೋಡೆ

ಮಂಗಳವಾರ ಬೆಳಿಗ್ಗೆ ಹತ್ತೂಮುಕ್ಕಾಲಿಗೆ ನಮ್ಮ ಅಮ್ಮನ ಬೆತ್ತದ ಕುರ್ಚಿಯಲ್ಲಿ ಅಮ್ಮನ ಬದಲು ಗೋಡೆ ಕೂತಿತ್ತು. ಗೋಡೆ ಎಂದರೆ ಇಡೀ ಗೋಡೆಯಲ್ಲ; ಅದರ ಹೊರಮೈಗೆ ಮೆತ್ತಿದ್ದ ಸಿಮೆಂಟಿನ ಪದರ, ಬಾಗಿಲ ಹಲಗೆಯಷ್ಟು ಅಗಲದ್ದು, ಹೆಬ್ಬೆರಳಿನಷ್ಟು ದಪ್ಪದ್ದು. ಕುರ್ಚಿಯ ಎರಡು ಕಾಲು ಮುರಿದು, ಬೆನ್ನಿನ ಹೆಣಿಗೆ ಹರಿದು, ಅದರ ಮೇಲೆ ಬಿಳಿಯ ಧೂಳು ನಿಧಾನವಾಗಿ ಇಳಿಯುತ್ತಿತ್ತು. ಕುಕ್ಕರ್ ಮೂರನೆಯ ಸಲ ಕೂಗಿತೆಂದು ಅಮ್ಮ ಎದ್ದು ಒಳಗೆ ಹೋಗಿ ಒಂದು ನಿಮಿಷವೂ ಆಗಿರಲಿಲ್ಲವಂತೆ. ಅದು ನನಗೆ ತಿಳಿದದ್ದು ಆಮೇಲೆ. ಸಾಗರದ ಬಸ್ಸಿಳಿದು ಗೇಟು ತೆಗೆಯುತ್ತಿದ್ದ ನಾನು ಕಂಡದ್ದು, ಜಗಲಿಯ ಮೇಲ್ಗಡೆ ಗೋಡೆಯಲ್ಲಿ ಒಂದು ಗೆರೆ ಮೂಡಿ, ಅದು ಬಾಯಿಯಂತೆ ತೆರೆದುಕೊಂಡದ್ದು ಮಾತ್ರ. ಕೂಗಬೇಕೆಂದುಕೊಂಡೆ, ಕೂಗು ಬರಲಿಲ್ಲ. ಕುರ್ಚಿ ಖಾಲಿಯಿದ್ದದ್ದು ಕಂಡಿತ್ತು, ಅದಕ್ಕೇ ಸುಮ್ಮನಿದ್ದೆ ಎಂದು ಹೇಳಿಕೊಳ್ಳುವ ಆಸೆಯಿದೆ. ನಿಮ್ಮಲ್ಲಿ ಸುಳ್ಳೇಕೆ? ಕುರ್ಚಿಯ ಕಡೆ ನಾನು ನೋಡಿರಲೇ ಇಲ್ಲ.

ನಮ್ಮ ಮನೆ ಇರುವುದು ಹೊಸನಗರ ತಾಲ್ಲೂಕಿನ ಸಂಪೆಕಟ್ಟೆಯಿಂದಾಚೆ, ಘಟ್ಟದ ಅಂಚಿನ ಒಂದು ಬೋಳು ದಿಬ್ಬದ ಮೇಲೆ. ಅಮ್ಮ ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ನರ್ಸಾಗಿದ್ದಾಗ, ನೋಟ ಚೆನ್ನಾಗಿದೆಯೆಂದು ಮೋಹಪಟ್ಟು ಜಾಗ ತೆಗೆದುಕೊಂಡು ಕಟ್ಟಿಸಿದ ಮನೆ. ನೋಟಕ್ಕೆ ಅಡ್ಡವಿಲ್ಲದ ಕಡೆ ಗಾಳಿಗೂ ಅಡ್ಡವಿರುವುದಿಲ್ಲ ಎಂಬುದನ್ನು ಮೊದಲ ಜೂನ್ ತಿಂಗಳೇ ಅವಳಿಗೆ ಕಲಿಸಿತು. ಇಲ್ಲಿ ಮಳೆ ಮೇಲಿನಿಂದ ಬೀಳುವುದಕ್ಕಿಂತ ಪಕ್ಕದಿಂದ ಬಂದು ಬಡಿಯುವುದೇ ಹೆಚ್ಚು. ಮಳೆ ಹೋದರೆ ಬೆಳಗಿನ ಹತ್ತರವರೆಗೆ ಮಂಜು, ಮಧ್ಯಾಹ್ನ ಕಣ್ಣು ಬಿಡಲಾಗದ ಬಿಸಿಲು, ಸಂಜೆಗೆ ಮತ್ತೆ ಚಳಿ. ಗೋಡೆ ದಿನಕ್ಕೊಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತದೆ. ತೀರ್ಥಹಳ್ಳಿ ಪೇಟೆಯಲ್ಲಿರುವ ಚಿಕ್ಕಮ್ಮನ ಮನೆಗೆ ಬಳಿದ ಬಣ್ಣ ನಾನು ಹೈಸ್ಕೂಲು ಸೇರಿ ಮುಗಿಸುವವರೆಗೂ ಹೊಸದರಂತೆ ಇತ್ತು. ಅದೇ ಡಬ್ಬಿಯ ಬಣ್ಣ ನಮ್ಮ ಪಡುವಣ ಗೋಡೆಯ ಮೇಲೆ ಎರಡನೆಯ ವರ್ಷಕ್ಕೆ ಹಪ್ಪಳದಂತೆ ಎದ್ದು, ಮೂರನೆಯ ವರ್ಷಕ್ಕೆ ಉದುರುತ್ತದೆ. ಆದ್ದರಿಂದ ನಮ್ಮಲ್ಲಿ ಮನೆಗೆ ಬಣ್ಣ ಬಳಿಸುವುದು ಸಂಭ್ರಮವಲ್ಲ. ತಲೆಗೆ ಎಣ್ಣೆ ಹಚ್ಚುವ ಹಾಗೆ, ಬಿಟ್ಟರೆ ಕೆಡುವ ಒಂದು ಕೆಲಸ.

ಈ ಸಲ ಬರೀ ಬಣ್ಣ ಸಾಲದು, ಪ್ಲಾಸ್ಟರನ್ನೇ ನೋಡಬೇಕು ಎಂದು ಅಮ್ಮ ಹೂವಪ್ಪ ಮೇಸ್ತ್ರಿಯನ್ನು ಕರೆಸಿದ್ದಳು. ಅರವತ್ತರ ಹತ್ತಿರದ ಆಳು. ಸುತ್ತಲಿನ ಊರುಗಳಲ್ಲಿ ಗಾರೆ ಕೆಲಸಕ್ಕೆ ಅವರದೇ ಹೆಸರು. ನಾನು ಸಾಗರದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ, ಬೇಸಿಗೆ ರಜೆಯಲ್ಲಿ ಊರಲ್ಲಿದ್ದೆ. ಮೇಲ್ವಿಚಾರಣೆ ನನ್ನ ಪಾಲಿಗೆ ಬಂತು.

ನಾವು ಬಡಿದು ನೋಡುವ ಜನ. ಹಲಸಿನಹಣ್ಣು ಬಡಿಯುತ್ತೇವೆ, ತೆಂಗಿನಕಾಯಿ ಬಡಿಯುತ್ತೇವೆ, ಸಂತೆಯ ಮಡಕೆಯನ್ನು ಕಿವಿಯ ಹತ್ತಿರ ಹಿಡಿದು ಬೆರಳಗಂಟಿನಿಂದ ಬಡಿಯುತ್ತೇವೆ. ಗೋಡೆಯನ್ನೂ ಹಾಗೇ ಬಡಿಯಬೇಕೆಂದು ನನಗೆ ಗೊತ್ತಾದದ್ದು ಹೂವಪ್ಪನವರಿಂದ. ಗಾರೆ ಮೆತ್ತುವ ಕರಣೆಯ ಮರದ ಹಿಡಿಯಿಂದ ಗೇಣಿಗೊಂದು ಪೆಟ್ಟಿನಂತೆ ತಟ್ಟುತ್ತ ಹೋಗುತ್ತಾರೆ. ಗಟ್ಟಿಯಿದ್ದ ಕಡೆ ಸದ್ದು ಚಿಕ್ಕದು, ಮೊಟಕು. ಪ್ಲಾಸ್ಟರು ಒಳಗಿನಿಂದ ಬಿಟ್ಟಿದ್ದ ಕಡೆ, ಯಾರೋ ಪಕ್ಕದ ಕೋಣೆಯಿಂದ ಉತ್ತರ ಕೊಟ್ಟಂತೆ ಡಬ್ ಎನ್ನುತ್ತದೆ. ಅಲ್ಲಿಗೆ ಇದ್ದಿಲಿನಿಂದ ಒಂದು ಸುತ್ತು ಗೆರೆ. ಗೆರೆಯ ಒಳಗಿನದನ್ನು ಉಳಿಯಿಂದ ಎಬ್ಬಿಸಿ, ನೀರು ಕುಡಿಸಿ, ಹೊಸದಾಗಿ ಮೆತ್ತಿ, ವಾರವಿಡೀ ತೇವವಾಗಿಟ್ಟು, ಒಣಗಿದ ಮೇಲೆಯೇ ಪ್ರೈಮರು, ಬಣ್ಣ.

ಬಿರುಕಿಗಿಂತ ನನ್ನನ್ನು ಕಾಡಿದ್ದು ಪ್ಲಾಸ್ಟರು ಹೀಗೆ ಬಿಡುವ ಕ್ರಮ. ಕೂದಲೆಳೆಯ ಸೀಳಿನಲ್ಲಿ ನೀರಿಳಿದು, ಗೋಡೆಯ ಜಂಬಿಟ್ಟಿಗೆ ಕಲ್ಲಿಗೂ ಸಿಮೆಂಟಿಗೂ ನಡುವೆ ಜಾಗ ಮಾಡಿಕೊಂಡು, ಯಾವುದೋ ಒಂದು ದಿನ ಎರಡೂ ಸಂಬಂಧ ಕಡಿದುಕೊಂಡಿರುತ್ತವೆ. ಹೊರಗೆ ಬಣ್ಣ, ನುಣುಪು, ಮೂಲೆಯ ನೇರ, ಯಾವುದೂ ಕೆಟ್ಟಿರುವುದಿಲ್ಲ. ಆ ಮೇಲೆ ಎಷ್ಟು ಸಲ ಬಳಿದರೂ ಬಳಿದದ್ದು ಗೋಡೆಗಲ್ಲ.

ನಾನು ಮಾತು ಕಡಿಮೆಯವಳು. ಇದು ನನ್ನ ಹೆಮ್ಮೆಯೂ ಅಲ್ಲ, ದುಃಖವೂ ಅಲ್ಲ. "ಗಟ್ಟಿಯಾಗಿ ಮಾತಾಡೇ, ಗಂಟಲು ಸವೆಯಲ್ಲ" ಎಂದು ಅಮ್ಮ ಚಿಕ್ಕಂದಿನಿಂದ ಹೇಳಿದ್ದಾಳೆ. ನಮ್ಮ ಭಾಷೆಯಲ್ಲಿ ಗೋಡೆಗೂ ದನಿಗೂ ಇರುವುದು ಒಂದೇ ಗಟ್ಟಿ ಎಂಬುದು ವಿಚಿತ್ರ. ಮೆಲ್ಲಗೆ ಮಾತಾಡುವವರನ್ನು ಒಳಗೆ ಟೊಳ್ಳೆಂದು ಜನ ಎಣಿಸುವುದಕ್ಕೆ ಅದೂ ಒಂದು ಕಾರಣವಿರಬಹುದು. ಹೂವಪ್ಪ ಹಾಗೆ ಎಣಿಸಿದಂತೆ ಕಾಣಲಿಲ್ಲ. ಮೂರು ವಾರ ನಾನು ಅವರ ಪಕ್ಕದಲ್ಲಿ ನೋಟುಪುಸ್ತಕ ಹಿಡಿದು ನಿಂತಿದ್ದೆ. ನಾನು ಏನಾದರೂ ಅಂದರೆ ಅವರು ಉತ್ತರಿಸುತ್ತಿರಲಿಲ್ಲ, ನಾನು ಮತ್ತೆ ಕೇಳುತ್ತಿರಲಿಲ್ಲ. ಗೋಡೆಗೆ ಒಂದು ಪೆಟ್ಟು, ನನ್ನ ಕಡೆ ಒಂದು ನೋಟ, ಮತ್ತೆ ಗೋಡೆ. ಕೇಳಿದ್ದನ್ನು ಹಂಚಿಕೊಳ್ಳುವ ಸೌಜನ್ಯ ಎಂದುಕೊಂಡೆ. ನನ್ನ ಮೌನವನ್ನು ಕೊರತೆಯೆಂದು ಕಾಣದ ಒಬ್ಬ ಮನುಷ್ಯ ಸಿಕ್ಕರಲ್ಲ ಎಂದು, ಒಪ್ಪಿಕೊಳ್ಳುತ್ತೇನೆ, ಸ್ವಲ್ಪ ಸಂತೋಷವೂ ಆಗಿತ್ತು.

ನಡುವೆ ಎರಡು ದಿನ ಪುಸ್ತಕಗಳ ತಪಾಸಣೆಗೆಂದು ಸಾಗರಕ್ಕೆ ಹೋದೆ. ಆ ಸೋಮವಾರ ಹೂವಪ್ಪ ಜಗಲಿಯ ಮೇಲ್ಭಾಗವನ್ನು ಬಡಿದು ನೋಡಿ, ಎಲ್ಲ ಗಟ್ಟಿಯಿದೆ ಎಂದು ಒಂದು ಗೆರೆಯನ್ನೂ ಹಾಕದೆ ಏಣಿ ಇಳಿದಿದ್ದರು. ಮಂಗಳವಾರ ಅದೇ ಭಾಗ ಕುರ್ಚಿಯ ಮೇಲಿತ್ತು.

ಹೂವಪ್ಪ ಬಂದಾಗ ಅಮ್ಮ ಬಾಗಿಲಲ್ಲೇ ಕಾದಿದ್ದಳು.

"ಬಾ ಮಾರಾಯ. ನಿನ್ನ ಗಟ್ಟಿ ಗೋಡೆ ಕೂತ್ಕಂಡಿದೆ ನೋಡು, ಕಾಪಿ ಕೊಡ್ಲಾ ಅದಕ್ಕೆ?"

ಅವರು ಕುರ್ಚಿಯನ್ನು ನೋಡಿದರು. ಕೈಲಿದ್ದ ಬುಟ್ಟಿ ಕೆಳಗಿಟ್ಟರು. "ನರ್ಸಮ್ಮ, ನೀವು ಇದ್ರಾ ಇದರಲ್ಲಿ?"

"ಇದ್ದಿದ್ರೆ ಈಗ ಮಾತಾಡ್ತಿದ್ದದ್ದು ಯಾರು?"

ಅವರ ಮುಖ ಸಿಮೆಂಟಿನ ಬಣ್ಣಕ್ಕೆ ತಿರುಗಿತ್ತು. ಏಣಿ ಹಾಕಿ, ಬಿದ್ದ ಜಾಗದ ಅಂಚನ್ನು ಬಡಿದರು. ಡಬ್. ಅಂಗಳದಲ್ಲಿದ್ದ ನನಗೆ ಕೇಳಿತು. ರಸ್ತೆಯಲ್ಲಿ ಹೋಗುವವರಿಗೂ ಕೇಳುವಷ್ಟಿತ್ತು. ಅವರು ಎಂದಿನಂತೆ ತಿರುಗಿ ನನ್ನನ್ನು ನೋಡಿದರು. ನನಗೆ ಆಗಷ್ಟೇ ಸಿಟ್ಟು ಬರತೊಡಗಿತ್ತು. ನನಗೆ ಸಿಟ್ಟು ಬಂದರೆ ಮುಖ ಕಲ್ಲಾಗುತ್ತದೆ. ಅವರು ಮತ್ತೆ ಬಡಿದರು, ಮತ್ತೆ ನೋಡಿದರು. ಇದ್ದಿಲು ಹಿಡಿದ ಕೈ ಗಾಳಿಯಲ್ಲೇ ನಿಂತಿತ್ತು. ಗೆರೆ ಹಾಕಲಿಲ್ಲ.

"ಎಂತ ತಂಗಿ," ಅಂದರು, "ಇವತ್ತು ಮುಖ ಕೊಡಲ್ವಾ?"

ಕೇಳಬೇಕಾದ್ದು ಕೇಳದಿರುವಾಗ ಮನುಷ್ಯನ ಕಣ್ಣು ಹೇಗೆ ಹುಡುಕುತ್ತದೆ ಎಂಬುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಅಥವಾ ಮೂರು ವಾರ ದಿನವಿಡೀ ನೋಡಿಯೂ ತಿಳಿದಿರಲಿಲ್ಲ. ಏಣಿಯ ಹತ್ತಿರ ಹೋಗಿ, ನನ್ನ ಮಟ್ಟಿಗೆ ಜೋರಾಗಿಯೇ ಕೇಳಿದೆ: "ನಿಮಗೆ ಕಿವಿ ಕೇಳಲ್ವಾ?"

ಅವರು ನನ್ನ ತುಟಿಯನ್ನು ನೋಡಿದರು. ಇಳಿದು ಬಂದು ಜಗಲಿಯ ಕಟ್ಟೆಯ ಮೇಲೆ ಕೂತರು.

"ಎರಡು ವರ್ಷ ಆತು. ಕಲ್ಲು ಕೊಯ್ಯೋ ಮಿಷನ್ ಹತ್ರ ನಿಂತು ನಿಂತು ಹೋತು. ನರ್ಸಮ್ಮನಂಗೆ ಕೂಗಿದ್ರೆ ಕೇಳ್ತದೆ. ಗೋಡೆ ಕೂಗಲ್ಲ ಅಲ್ದಾ?"

"ಮತ್ತೆ ಇಷ್ಟು ದಿನ ಹೆಂಗೆ ಗೆರೆ ಹಾಕ್ದೆ?" ಎಂದಳು ಅಮ್ಮ.

"ನಿಮ್ಮ ಮಗಳ ಮುಖ ನೋಡ್ಕಂಡು. ಟೊಳ್ಳು ಬಂದ್ರೆ ಹುಬ್ಬು ಒಂಚೂರು ಹಿಂಗೆ ಆಗ್ತದೆ." ತಮ್ಮ ನರೆತ ಹುಬ್ಬನ್ನು ಕಿರಿದು ಮಾಡಿ ತೋರಿಸಿದರು. "ಗಟ್ಟಿ ಇದ್ರೆ ಎಂತದೂ ಆಗಲ್ಲ. ಒಂದು ದಿನನೂ ತಪ್ಪಿಲ್ಲ ಆ ಹುಬ್ಬು."

"ನಿನ್ನೆ ಅವಳಿರ್ಲಿಲ್ಲ. ನನ್ನ ಮುಖದಲ್ಲಿ ಎಂತ ಕಂಡ್ತು?"

"ನೀವು ನಗ್ತಾ ಇದ್ರಿ ನರ್ಸಮ್ಮ. ಫೋನಲ್ಲಿ."

"ತೀರ್ಥಹಳ್ಳಿ ತಂಗಿ ಹತ್ರ ಮಾತಾಡ್ತಿದ್ದೆ ಮಾರಾಯ! ನಾನು ನಕ್ರೆ ಗೋಡೆ ಗಟ್ಟಿ ಆಗ್ತದಾ?"

ಅಮ್ಮನಿಗೆ ನಗು ಬಂತು. ನಲವತ್ತು ವರ್ಷ ರೋಗಿಗಳ ನಾಡಿ ಹಿಡಿದವಳಿಗೆ, ಎದುರಿಗಿದ್ದ ಕಿವುಡನ್ನು ತನ್ನ ದೊಡ್ಡ ಗಂಟಲಿನಿಂದಾಗಿಯೇ ಕಂಡುಹಿಡಿಯಲಾಗಿರಲಿಲ್ಲ. ನನಗೆ ನಗು ಬರಲಿಲ್ಲ. ಸ್ನೇಹಿತರೇ, ಗೋಡೆ ಬಿದ್ದದ್ದು ನನ್ನನ್ನು ಎಷ್ಟು ಬೆಚ್ಚಿಸಿತ್ತೋ ಅಷ್ಟೇ ಈ ಹುಬ್ಬಿನ ಮಾತೂ ಬೆಚ್ಚಿಸಿತು. ನನ್ನ ಮುಖ ನನ್ನದೆಂದು, ಅದರ ಬಾಗಿಲಿಗೆ ಒಳಗಿನಿಂದ ಚಿಲಕವಿದೆಯೆಂದು ನಂಬಿಕೊಂಡು ಬೆಳೆದವಳು ನಾನು. ಹಾಸ್ಟೆಲಿನಲ್ಲಿ, ವಿಶ್ವವಿದ್ಯಾಲಯದಲ್ಲಿ, ಕೆಲಸದ ಜಾಗದಲ್ಲಿ ಯಾರಿಗೂ ಏನೂ ತಿಳಿಯಗೊಡದ ಮುಖವೆಂದು ಒಳಗೊಳಗೆ ಬೀಗಿದ್ದೆ. ಆ ಮುಖವನ್ನು ಒಬ್ಬ ಮನುಷ್ಯ ದಿನಕ್ಕೆ ನೂರಾರು ಸಲ ಓದಿ, ಅದು ಹೇಳಿದಲ್ಲೆಲ್ಲ ಇದ್ದಿಲು ಎಳೆದು, ಉಳಿ ಹಾಕಿದ್ದರು. ನಮ್ಮ ಪಡುವಣ ಗೋಡೆಯ ಮೇಲಿದ್ದ ಕಪ್ಪು ಸುತ್ತುಗಳೆಲ್ಲ ನನ್ನ ಹುಬ್ಬಿನವು. ಇನ್ನು ನಾನು ಗೆಳೆತನವೆಂದುಕೊಂಡ ಆ ಮೌನ? ಅವರು ನನ್ನ ಮಾತಿಗೆ ಉತ್ತರಿಸದಿದ್ದದ್ದು ಅದು ಕೇಳದಿದ್ದುದರಿಂದ. ನನ್ನಲ್ಲಿ ಕೊರತೆ ಕಾಣದಿದ್ದದ್ದು ಅವರದೇ ಕೊರತೆಯನ್ನು ಮುಚ್ಚುವ ಗಡಿಬಿಡಿಯಿಂದ. ಇದನ್ನು ಬರೆಯುವಾಗಲೂ ಕೆನ್ನೆ ಬಿಸಿಯಾಗುತ್ತದೆ.

ಸಿಟ್ಟು ಇಳಿಯುವ ಮೊದಲೇ ಇನ್ನೊಂದು ವಿಷಯ ಬಂತು. ಮುಂದಿನ ಸೋಮವಾರದಿಂದ ಬಸ್‌ಸ್ಟಾಪಿನೆದುರಿನ ಅಂಗನವಾಡಿಯ ಗೋಡೆ ಕೆಲಸವನ್ನು ಹೂವಪ್ಪ ಒಪ್ಪಿಕೊಂಡಿದ್ದರು. ಅದೂ ಗಾಳಿಗೆ ಮುಖಮಾಡಿದ ಗೋಡೆ. ಅದರ ಹೊರಜಗಲಿಯಲ್ಲಿ ಬೇಸಿಗೆಯಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿ ಉಪ್ಪಿಟ್ಟು ಕೊಡುತ್ತಾರೆ.

"ಅದನ್ನ ಬಡಿಯೋ ದಿನ ನೀವು ಸುಮ್ನೆ ಬಂದು ನಿಂತ್ಕಳಿ ತಂಗಿ," ಅಂದರು ಹೂವಪ್ಪ. "ಯಾರಿಗೂ ಎಂತದೂ ಹೇಳದು ಬೇಡ. ಕಿವಿ ಹೋಗಿದೆ ಅಂತ ಗೊತ್ತಾದ್ರೆ ನನ್ನ ಯಾರು ಕರೀತಾರೆ?"

ಸುಮ್ಮನೆ ನಿಲ್ಲುವುದು! ಅದಕ್ಕಿಂತ ಸುಲಭದ ಕೆಲಸವನ್ನು ನನ್ನಿಂದ ಯಾರೂ ಕೇಳಿರಲಿಲ್ಲ. ನನ್ನ ಇಡೀ ಆಯುಷ್ಯ ಅದೇ ಅಭ್ಯಾಸ. ಅವರ ಗುಟ್ಟು ಉಳಿಯುತ್ತಿತ್ತು, ನನ್ನ ಗಂಟಲೂ ಉಳಿಯುತ್ತಿತ್ತು. ಆದರೆ ಅಂದು ಮಂಜಿರಬಹುದು, ನನಗೆ ತಲೆನೋವಿರಬಹುದು, ಎದುರಿನ ಬಸ್ಸಿನಿಂದ ಯಾರೋ ಇಳಿದದ್ದಕ್ಕೆ ನನ್ನ ಹುಬ್ಬು ಅಲುಗಬಹುದು, ಅಲುಗದಿರಬಹುದು. ಮಕ್ಕಳ ತಲೆಯ ಮೇಲಿನ ಪ್ಲಾಸ್ಟರನ್ನು ಒಂದು ಹುಬ್ಬಿಗೆ ಕಟ್ಟಿ ನಿಲ್ಲಿಸುವುದು ಹೇಗೆ?

"ಇಲ್ಲ," ಎಂದೆ. ಅವರಿಗೆ ಕೇಳಲಿಲ್ಲ. "ಇಲ್ಲ! ಬರ್ತೀನಿ. ಬಾಯಲ್ಲಿ ಹೇಳ್ತೀನಿ. ನೀವು ಟೀಚರಿಗೆ ಮೊದ್ಲೇ ಹೇಳ್ಬೇಕು."

ಅವರು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು. ಅಲ್ಲಿ ಏನಿತ್ತೋ ನನಗೆ ತಿಳಿಯದು. ಬುಟ್ಟಿ ಎತ್ತಿಕೊಂಡು ಹೋದರು. ಸೋಮವಾರ ಅಂಗನವಾಡಿಗೆ ಬರುತ್ತಾರೋ ಇಲ್ಲವೋ ಎಂದು ಅಮ್ಮನಿಗೂ ನನಗೂ ಆರು ದಿನ ಅದೇ ಮಾತು. "ಹೊಸನಗರದ ಆಸ್ಪತ್ರೆಗೆ ನಾನೇ ಕಿವಿ ಹಿಡ್ಕಂಡು ಕರ್ಕಂಡು ಹೋಗ್ತೀನಿ ಅವನನ್ನ" ಎಂದು ಅಮ್ಮ ದಿನಕ್ಕೆರಡು ಸಲ ಹೇಳಿದಳು.

ಸೋಮವಾರ ನಾನು ಹೋದಾಗ ಹೂವಪ್ಪ ಆಗಲೇ ಅಂಗನವಾಡಿಯ ಎದುರು ನಿಂತಿದ್ದರು. ಎದುರಿನ ಬಸ್‌ಸ್ಟಾಪಿನಲ್ಲಿ ಐದಾರು ಜನ ಗಂಡಸರು ಬಸ್ಸಿಗಲ್ಲದೆ ಸುಮ್ಮನೆ ಕೂತಿದ್ದರು. ಜಗಲಿಯ ಆ ತುದಿಯಲ್ಲಿ ಟೀಚರು ಮಕ್ಕಳ ಮುಂದೆ ತಟ್ಟೆ ಇಡುತ್ತಿದ್ದರು.

"ಟೀಚರೇ," ಎಂದರು ಹೂವಪ್ಪ, ತಮಗೇ ಕೇಳಲೆಂಬಂತೆ ದೊಡ್ಡದಾಗಿ, "ನಂಗೆ ಕಿವಿ ಕೇಳಲ್ಲ. ಬಡಿಯದು ನಾನು. ಕೇಳದು ನರ್ಸಮ್ಮನ ಮಗಳು."

ಟೀಚರು ಸೌಟು ಹಿಡಿದವರು ಹಾಗೇ ನಿಂತರು. ಬಸ್‌ಸ್ಟಾಪಿನಿಂದ ಒಂದು ದನಿ ಬಂತು: "ಎಂತ ಹೂವಪ್ಪಣ್ಣ, ಕಿವಿ ಬಾಡಿಗೆಗೆ ತಂದ್ಯಾ?" ಉಳಿದವರು ನಕ್ಕರು. ಹೂವಪ್ಪನವರಿಗೆ ಅದು ಕೇಳಿಸಲಿಲ್ಲ. ನನಗೆ ಕೇಳಿಸಿತು, ಅಂದು ಅವರ ಪಾಲಿನದನ್ನೆಲ್ಲ ಕೇಳಬೇಕಾದವಳು ನಾನೇ.

ಅವರು ಗೋಡೆಯ ಈ ತುದಿಯಿಂದ ಶುರುಮಾಡಿದರು. ಪೆಟ್ಟು ಬಿತ್ತು: ಡಬ್. ನನ್ನ ಹುಬ್ಬು ಕಿರಿದಾದದ್ದು ನನಗೇ ಗೊತ್ತಾಯಿತು. ಹೂವಪ್ಪ ನೋಡಲಿಲ್ಲ. ಬೇಕೆಂದೇ ನನಗೆ ಬೆನ್ನು ಕೊಟ್ಟು, ಕಣ್ಣನ್ನು ಗೋಡೆಯ ಮೇಲೆ ನೆಟ್ಟು ನಿಂತಿದ್ದರು.

"ಟೊಳ್ಳು," ಎಂದೆ. ಕರಣೆ ಅಲುಗಲಿಲ್ಲ. "ಟೊಳ್ಳು!" ಎಂದು ಕೂಗಿದೆ. ಅದು ನನ್ನ ಗಂಟಲಿನಿಂದ ಬಂದ ದನಿ ಎಂದು ನಂಬಲು ನನಗೆ ಒಂದು ಗಳಿಗೆ ಬೇಕಾಯಿತು. ಬಸ್‌ಸ್ಟಾಪಿನ ನಗು ನಿಂತುಹೋಯಿತು. ಇದ್ದಿಲು ಗೋಡೆ ಮುಟ್ಟಿತು. ಮುಂದಿನ ಪೆಟ್ಟು, ಟೊಳ್ಳು. ಅದರ ಮುಂದಿನದು, ಟೊಳ್ಳು. ಸುತ್ತು ಹಾಕಿ ಮುಚ್ಚಲು ಅವರು ಗಟ್ಟಿ ಜಾಗಕ್ಕಾಗಿ ಕಾಯುತ್ತಿದ್ದರು, ನಾನೂ ಕಾಯುತ್ತಿದ್ದೆ. ಅದು ಬರಲೇ ಇಲ್ಲ. ಗೆರೆ ತಿರುಗದೆ ಉದ್ದಕ್ಕೆ ಹೋಗುತ್ತ ಹೋಗುತ್ತ ಮಕ್ಕಳು ಕೂತಿದ್ದ ಕಡೆಗೆ ಬಂತು.

"ಎಲ್ಲಿವರೆಗೆ ತಂಗಿ?" ಹೂವಪ್ಪ ಗೋಡೆಗೇ ಹೇಳುವಂತೆ ಕೇಳಿದರು.

"ಪೂರ್ತಿ!" ಎಂದು ಕೂಗಿದೆ. "ಪೂರ್ತಿ ಬಿಟ್ಟಿದೆ!"

ಟೀಚರು ಸೌಟು ಬಿಸಾಡಿ, ಎಲ್ಲರಿಗಿಂತ ಚಿಕ್ಕದನ್ನು ತಟ್ಟೆ ಸಮೇತ ಎತ್ತಿಕೊಂಡು ಅಂಗಳಕ್ಕೆ ಓಡಿದರು. ಬಸ್‌ಸ್ಟಾಪಿನಲ್ಲಿದ್ದವರು ರಸ್ತೆ ದಾಟಿ ಬಂದು ಉಳಿದ ಮಕ್ಕಳ ಕೈ ಹಿಡಿದರು.