ಕಾಯಿ ಬೀಳುವ ಹೊತ್ತಿಗೆ ಮಾತು

ಮೂರು ಸಾವಿರ ಕೊಟ್ಟೆ. ಅರಸೀಕೆರೆಯ ಹಳೇ ಸಾಮಾನಿನ ಅಂಗಡಿಯಲ್ಲಿದ್ದ ಆ ಗೋಡೆ ಗಡಿಯಾರ ಎರಡಕ್ಕೆ ಖಂಡಿತ ಇಳಿಯುತ್ತಿತ್ತು. ತೆಂಗಿನಕಾಯಿ ವ್ಯಾಪಾರದಲ್ಲೇ ತಲೆ ನರೆತವಳಿಗೆ ಅಷ್ಟು ತಿಳಿಯದೆ? ಆದರೆ ನಾನು ಬಾಯಿ ತೆರೆಯುವ ಮೊದಲೇ ಅಂಗಡಿಯವನು ಪೆಂಡುಲಂ ಅಲುಗಿಸಿಬಿಟ್ಟ. ಧಪ್. ಕೊಂಚ ತಡೆದು, ಮತ್ತೆ ಧಪ್. ಕಣಕಟ್ಟೆಯ ನಮ್ಮ ಹಿತ್ತಿಲು, ಹಸಿ ಸಿಪ್ಪೆಯ ವಾಸನೆ, ರಾಶಿಯ ಮುಂದೆ ಸೆರಗು ಸಿಕ್ಕಿಸಿ ನಿಂತ ಸೋದರತ್ತೆ, ಎಲ್ಲ ಆ ಸದ್ದಿನ ಬೆನ್ನಿಗೇ ಬಂದವು.

ಅತ್ತೆ ಕಾಯಿ ಎಣಿಸುವುದನ್ನು ನೀವು ಕೇಳಬೇಕಿತ್ತು. ಎರಡು ಕೈಗೆ ಎರಡು ಕಾಯಿ ಹಿಡಿದು ಜೋಡಿಯಾಗಿ ಎಸೆಯುತ್ತಿದ್ದಳು. ಮೊದಲ ಜೋಡಿಗೆ ಒಂದು ಎನ್ನುವಂತಿಲ್ಲ, "ಲಾಭ" ಎನ್ನಬೇಕು. ಆಮೇಲೆ ಏಳನ್ನು "ಏ...ಳು" ಎಂದು ಎಳೆಯುವಳು, ಇಪ್ಪತ್ತೇಳನ್ನು "ಇಪ್ತೇಳು" ಎಂದು ಅಷ್ಟೇ ಜಾಗದಲ್ಲಿ ಒತ್ತಿ ಕೂರಿಸುವಳು. ಪದ ಉದ್ದವಿರಲಿ ಗಿಡ್ಡವಿರಲಿ, ಕಾಯಿ ಬೀಳುವ ಹೊತ್ತು ಮಾತ್ರ ಒಂದೇ.

ನನಗೋ ಮೊದಲ ಅಕ್ಷರದಲ್ಲೇ ಮಾತು ಸಿಕ್ಕಿಕೊಳ್ಳುತ್ತಿತ್ತು. ಹಾಜರಿ ಕರೆದಾಗ "ಬಂದೆ" ಎನ್ನಲಾಗದೆ, ತರಗತಿಯಲ್ಲಿ ಕೂತೇ ಗೈರುಹಾಜರಾಗುತ್ತಿದ್ದೆ. ಅಪ್ಪನಿಗೆ ರೋಸಿಹೋಯಿತು.

"ಹಾಜ್ರಿ ಹೇಳಕ್ಕಾಗ್ದೋಳಿಗೆ ಇಸ್ಕೂಲ್ ಯಾಕೆ? ಬಿಡ್ಸಿಬಿಡಾನ."

"ಸುಮ್ಕಿರಣ್ಣ. ನೀನ್ ಇಷ್ಟ್ ಮಾತಾಡಿ ಏನ್ ಕಡಿದಾಕಿದೀಯ?" ಎಂದಳು ಅತ್ತೆ. ನನ್ನನ್ನು ಎಳೆದು ರಾಶಿಯ ಮುಂದೆ ನಿಲ್ಲಿಸಿದಳು. "ಮಾತು ಸಿಗಾಕ್ಕಂಡ್ರೆ ಕೈ ನಿಲ್ಲಿಸ್‌ಬ್ಯಾಡ ಕಣೇ. ಕಾಯಿ ಹೋಗ್ಲಿ. ಮಾತು ಹಿಂದ್ಲಿಂದ ಓಡ್ಬಂದು ಸೇರ್ಕಂತದೆ."

ಎಷ್ಟೋ ಸಂಜೆ ಮಾತಿಲ್ಲದೆ ಬರೀ ಕಾಯಿಗಳೇ ಬಿದ್ದವು. ಅವಳು ಒಮ್ಮೆಯೂ ನನ್ನ ಮಾತನ್ನು ತಾನು ಮುಗಿಸಲಿಲ್ಲ. ಪಕ್ಕದಲ್ಲಿ ತನ್ನ ಜೋಡಿ ಎಸೆಯುತ್ತಲೇ ಇದ್ದಳು. ಒಂದು ದಿನ ಕಾಯಿಯ ಜೊತೆಗೇ "ಲಾಭ" ಉದುರಿತು. ಮುಂದಿನ ಹಾಜರಿಗೆ ಬೆಂಚಿನ ಕೆಳಗೆ ಕಾಲು ತಟ್ಟುತ್ತ ಕೂತೆ. ನನ್ನ ಹೆಸರು ಬಂತು, ಕಾಲು ಬಿತ್ತು, "ಬಂದೆ" ಎಂದೆ.

ಮೇಷ್ಟ್ರು ಕನ್ನಡಕ ಇಳಿಸಿದರು. "ಏನಮ್ಮ, ಇವತ್ತು ಸೇರಿದ್ಯಾ ಸ್ಕೂಲಿಗೆ?"

ಈಗ ಆ ಹಿತ್ತಿಲಿಲ್ಲ, ಸೈಟಾಗಿದೆ. ಕಾಯಿ ತೂಕಕ್ಕೆ ಹೋಗುತ್ತದೆ. ಲಾಭ ಎಂದು ಯಾರೂ ಶುರುಮಾಡುವುದಿಲ್ಲ. ಅತ್ತೆಯೂ ಇಲ್ಲ. ಗಡಿಯಾರ ತಪ್ಪು ಗಂಟೆ ತೋರಿಸುತ್ತದೆ, ರಿಪೇರಿಗೆ ಕೊಟ್ಟಿಲ್ಲ. ಧಪ್ ಧಪ್ ನಡಿಗೆ ಸರಿಯಿದೆ, ನನಗೆ ಅಷ್ಟು ಸಾಕು.

ಹಾಗಾಗಿ ಹೇಳುತ್ತೇನೆ: ಮನೆಯಲ್ಲಿ ಮಗು ತಡವರಿಸಿದರೆ ಅದರ ಮಾತನ್ನು ನೀವು ಮುಗಿಸಿಕೊಡಬೇಡಿ, ಪಕ್ಕದಲ್ಲಿ ಕೂತು ನಿಮ್ಮ ಕೆಲಸ ಮಾಡುತ್ತಿರಿ. ಇನ್ನು ಹಳೇ ಗಡಿಯಾರ ಕೊಳ್ಳುವುದಾದರೆ, ಮೊದಲು ರೇಟು ಮುಗಿಸಿ, ಆಮೇಲೆ ಪೆಂಡುಲಂ ಅಲುಗಿಸಲು ಹೇಳಿ. ಸದ್ದು ಮೊದಲು ಕಿವಿಗೆ ಬಿದ್ದರೆ ಕೇಳಿದಷ್ಟು ಕೊಟ್ಟು ಬರುತ್ತೀರಿ.