ರೋಜಾಬಾಯಿಯ ವೈನು ಹುಳಿಯಾಗಿರಲಿಲ್ಲ

ರೋಜಾಬಾಯಿ, ನಾನು ಸುಳ್ಳು ಹೇಳಿದೆ. ಶೇಟರ ಅಂಗಡಿಯ ಹಿಂದಿನ ಜಗಲಿಯಲ್ಲಿ ಕೂತು, ನೀವು ಕೇಳುವಂತೆ, ನಿಮ್ಮ ವೈನು ಹುಳಿ ಹಿಡಿದಿದೆ ಎಂದೆನಲ್ಲ — ಹಿಡಿದಿರಲಿಲ್ಲ. ಅಲ್ಲಿಟ್ಟಿದ್ದ ನಾಲ್ಕು ವೈನುಗಳಲ್ಲಿ ಅದೇ ಎಲ್ಲಕ್ಕಿಂತ ಮೇಲು. ಆ ದಿನ ತಿಳಿದದ್ದೂ ಅಲ್ಲ. ವರ್ಷಗಳಿಂದ ನನಗೆ ಗೊತ್ತಿತ್ತು.

ಇಷ್ಟು ಬರೆಯುವುದಕ್ಕೆ ಮುಪ್ಪು ಬರಬೇಕಾಯಿತು ಎಂದು ನೆನೆದರೆ ನನ್ನ ಮೇಲೆ ನನಗೇ ಮೈಯುರಿಯುತ್ತದೆ. ನನ್ನೊಬ್ಬನ ಮೇಲೆ ಮಾತ್ರವಲ್ಲ — ಆದರೆ ಮೊದಲು ನನ್ನದು ಮುಗಿಯಲಿ.

ನಾನು ಕುಮಟೆಯ ಮಂಡಿಯಲ್ಲಿ ಬೆಲ್ಲದ ದಲಾಲಿ ಮಾಡುತ್ತಿದ್ದೆ. ಮನೆ ಹೊನ್ನಾವರದಲ್ಲಿ, ನಿಮ್ಮ ಬೇಲಿಗೆ ತಾಗಿ. ಗಾಡಿಯಿಂದ ಇಳಿದ ಬೆಲ್ಲದ ಚೂರನ್ನು ನಾಲಿಗೆಯ ಮೇಲಿಟ್ಟು ‘ಮೇಲು’, ‘ನಡು’, ‘ಕೀಳು’ ಎಂದು ನಾನು ಹೇಳಿದರೆ ಮುಗಿಯಿತು, ಅದರ ಮೇಲೆ ಮಾತಿರಲಿಲ್ಲ. ಈ ನಾಲಿಗೆಯ ಬಗ್ಗೆ ನನಗೆ ಜಂಬವೂ ಇತ್ತು.

ಅದು ದಾರೂಬಂದಿಯ ಕಾಲ. ಊರಿನ ದೊಡ್ಡವರು ಪಾನನಿರೋಧದ ಭಾಷಣ ಕೇಳಿ ಚಪ್ಪಾಳೆ ತಟ್ಟಿ, ಮನೆಗೆ ಹೋಗಿ ಗೋವೆಯಿಂದ ಕದ್ದು ಬಂದ ಬಾಟ್ಲಿಗೆ ಕೈಯೊಡ್ಡುತ್ತಿದ್ದರು. ನಾನು ಅಷ್ಟು ದೂರ ನೋಡಬೇಕಾಗಿರಲಿಲ್ಲ. ನಿಮ್ಮ ಅಡುಗೆಮನೆಯ ಮೂಲೆಯಲ್ಲಿ ಭರಣಿ ಇರುತ್ತಿತ್ತು — ನೇರಳೆ ಹಣ್ಣು, ಸಕ್ಕರೆ, ಒಂದು ಹಿಡಿ ಗೋಧಿ, ಲವಂಗ, ಬಾಯಿಗೆ ಬಿಗಿದ ಬಟ್ಟೆ. ನಿಮ್ಮ ಅತ್ತೆಗೆ ಮಧ್ಯಾಹ್ನ ಅನ್ನ, ಮೀನುಸಾರಿನ ಜೊತೆ ಅದರದೊಂದು ಸಣ್ಣ ಲೋಟ. ಅಮಲಿಗಲ್ಲ, ಊಟಕ್ಕೆ. ಬೇಲಿ ದಾಟಿ ಬಂದ ನನಗೂ ಅದೇ ಲೋಟದಲ್ಲಿ ಕೊಟ್ಟಿರಿ. ತುಟಿಯಿಟ್ಟು ಕುಡಿದೆ. ಒಂದು ಸಲವಲ್ಲ, ಎರಡು ಸಲವಲ್ಲ! ಮೊದಲು ಸಿಹಿ, ಬೆನ್ನಿಗೇ ನೇರಳೆಯ ಒಗರು, ಕೊನೆಗೆ ಗಂಟಲಲ್ಲಿ ಸಣ್ಣಗೆ ಬಿಸಿ. ದಿನಾ ಕುಡಿದರೂ ಬೇಸರ ಬಾರದು ಎಂದು ನಿಮ್ಮೆದುರಿಗೇ ಹೇಳಿದ್ದೆ.

ಅರವತ್ತರ ದಶಕದ ಕೊನೆಗೆ ದಾರೂಬಂದಿ ಹೋಯಿತು. ಪೇಟೆಯ ಶೇಟರಿಗೆ ಲೈಸೆನ್ಸು ಸಿಕ್ಕಿತು.

“ಸಾರಾಯಿ ಮಾರೂಕೆ ಬೇಕಾದಷ್ಟು ಜನ ಇದ್ದಾರೆ,” ಎಂದರು ಶೇಟರು. “ನಾ ಊಟದ ಸಂಗಡ ಕುಡಿಯೂಕೆ ಸೋವಿಯ ಕೆಂಪು ವೈನು ಒಂದು ಇಡ್ತೆ. ಯಾವುದು ಚಲೋ ಅಂತ ನೀವು ಹೇಳಿ ದಲಾಲ್ರೆ.”

ನಿಮ್ಮದನ್ನೂ ತರಲು ಹೇಳಿದ್ದು ಅವರೇ. ಗೆದ್ದರೆ ನಿಮ್ಮ ಹೆಸರಿಗೂ ಪರವಾನಗಿ ಮಾಡಿಸಿ, ಮಾಡಿದಷ್ಟನ್ನೂ ತಾವೇ ಕೊಳ್ಳುತ್ತೇವೆ ಎಂದಿದ್ದರು. ಹಡಗಿನ ಕೆಲಸಕ್ಕೆ ಹೋದ ನಿಮ್ಮ ಗಂಡನ ಸುದ್ದಿಯೇ ಇರಲಿಲ್ಲ. ಬೊಂಬಾಯಿಯಲ್ಲಿ ಯಾರದೋ ಮನೆಯ ಅಡುಗೆಗೆ ನಿಮಗೆ ಕರೆ ಬಂದಿತ್ತು. ರುಚಿ ನೋಡುವ ಹಿಂದಿನ ದಿನ, ಪುಟ್ಟ ಮಗಳ ಕೈ ಹಿಡಿದು ಬೇಲಿಯ ಹತ್ತಿರ ನಿಂತು ಹೇಳಿದಿರಿ: “ಇದೊಂದು ಆದ್ರೆ ನಾ ಲೀನಾನ್ನ ಬಿಟ್ಟು ಹೋಗೂದು ತಪ್ತದೆ ದಲಾಲ್ರೆ.” ನಾನು ತಲೆಯಾಡಿಸಿದೆ. ತಲೆಯಾಡಿಸಿದೆ!

ಜಗಲಿಯಲ್ಲಿ ನಾವು ಮೂವರು — ಶೇಟರು, ನಾನು, ನಮ್ಮ ಜಾತಿಯ ನಿವೃತ್ತ ಮಾಮಲೇದಾರರು. ಗೋವೆಯ ಎರಡು ಬಾಟ್ಲಿ, ಬೊಂಬಾಯಿಯದು ಒಂದು. ಅಂಗಡಿಯ ಗಾಜಿನ ಗ್ಲಾಸಿಗೆ ತುಟಿಯಿಟ್ಟು, ನಡುನಡುವೆ ಒಣ ಅವಲಕ್ಕಿ ಅಗಿದು, ಮೂರನ್ನೂ ಸಾವಕಾಶ ಕುಡಿದೆವು. ಒಂದು ಬರೀ ಸಕ್ಕರೆ ನೀರು. ಒಂದು ನಾಲಿಗೆ ಕೊರೆಯಿತು. ಮೂರನೆಯದು ನಡು — ಪರವಾಗಿಲ್ಲ. ಆಮೇಲೆ ನಿಮ್ಮದು ಬಂತು, ನಿಮ್ಮ ಮನೆಯ ಹಿತ್ತಾಳೆ ಲೋಟದಲ್ಲಿ.

“ಇದು ಅವ್ರ ಮನೆ ಲೋಟವೋ?” ಎಂದು ಮಾಮಲೇದಾರರು ನನ್ನ ಮುಖ ನೋಡಿದರು.

ಅಷ್ಟೇ. ಬೇರೆ ಜಾತಿಯವರ ಲೋಟ ಕೈಗೆ ಬಂದರೆ ನಮ್ಮವರು ಏನು ಮಾಡುತ್ತಾರೋ ಅದನ್ನೇ ಮಾಡಿದೆ — ಕತ್ತು ಹಿಂದಕ್ಕೆ ಚೆಲ್ಲಿ, ಲೋಟ ಮೇಲೆತ್ತಿ, ತುಟಿಗೆ ಸೋಕದಂತೆ ಬಾಯಿಗೆ ಸುರಿದುಕೊಂಡೆ. ಎಷ್ಟೋ ಮಧ್ಯಾಹ್ನ ತುಟಿಯಿಟ್ಟು ಕುಡಿದ ಅದೇ ಲೋಟ! ವೈನನ್ನು ನೀರಿನ ಹಾಗೆ ಎತ್ತಿ ಕುಡಿದರೆ ರುಚಿ ಎಲ್ಲಿ ಸಿಗಬೇಕು? ಸೀದಾ ಗಂಟಲಿಗಿಳಿದು ನೆತ್ತಿಗೆ ಹತ್ತಿತು. ಕೆಮ್ಮಿದೆ, ಕಣ್ಣಲ್ಲಿ ನೀರು ಬಂತು. ಅವರು ನಕ್ಕರು. ಆ ನಗುವಿನ ನಡುವೆ ನಾನು ಹೇಳಿದೆ —

“ಹುಳಿ ಹಿಡಿದದೆ. ಕೀಳು.”

ಅವರಿಬ್ಬರೂ ಎತ್ತಿ ಕುಡಿದು, ಹೌದೆಂದು ತಲೆಯಾಡಿಸಿದರು.

ಈಗ ಕೇಳುತ್ತೇನೆ — ಆ ಗೋವೆಯ ಬಾಟ್ಲಿಯ ದ್ರಾಕ್ಷಿಯನ್ನು ಯಾರ ಕಾಲು ತುಳಿದಿತ್ತು? ಬಾಟ್ಲಿ ತೊಳೆದವರು ಯಾರು? ಅವರೂ ನಿಮ್ಮ ಹಾಗೆ ಇಗರ್ಜಿಗೆ ಹೋಗುವ ಕಿರಿಸ್ತಾನರೇ ಅಲ್ಲವೇ? ಅದನ್ನು ನಾವು ಮೂಸಿ, ಚಪ್ಪರಿಸಿ ಕುಡಿದೆವಲ್ಲ! ಮೇಲೊಂದು ಚೀಟಿ ಅಂಟಿಸಿದ ಕೂಡಲೇ ಮಡಿಯಾಗಿಬಿಟ್ಟಿತೇ? ದೂರದವರು ಮಾಡಿದ್ದು ತೀರ್ಥ, ಬೇಲಿಯಾಚೆಯ ಹೆಂಗಸು ಮಾಡಿದ್ದು ಮೈಲಿಗೆ — ಇದು ಯಾವ ಶಾಸ್ತ್ರ? ಥೂ.

ಶೇಟರು ಬಾಗಿಲಲ್ಲಿ ನಿಂತಿದ್ದ ನಿಮ್ಮ ಕಡೆ ತಿರುಗಿದರು. “ಎಂತ ಬಾಯಿ, ಹುಳಿ ಆತೇ?”

ನೀವು ನನ್ನನ್ನು ನೋಡಿದಿರಿ. ಇವರು ಇದನ್ನೇ ನಮ್ಮ ಮನೆಯಲ್ಲಿ ಕೂತು ಕುಡಿಯುತ್ತಾರೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು, ನನ್ನ ಮಾನ ಪೇಟೆಯಲ್ಲಿ ಹರಾಜಾಗುತ್ತಿತ್ತು. ನೀವು ಹೇಳಿದ್ದು ಬೇರೆ.

“ಹೌದು ಶೇಟ್ರೆ. ಈ ಸಲ ಸಕ್ಕರೆ ಕಮ್ಮಿ ಬಿದ್ದದೆ. ತಪ್ಪು ನಂದೇ.”

ಮಳೆಗಾಲಕ್ಕೆ ಮುಂಚೆ ಬೊಂಬಾಯಿಗೆ ಹೋದಿರಿ. ಲೀನಾ ಅಜ್ಜಿಯ ಹತ್ತಿರ ಉಳಿದಳು. ತಾಯಿಯಿಲ್ಲದೆ ಹೇಗೆ ಬೆಳೆದಳು ಎಂಬುದನ್ನು ಬೇಲಿಯೀಚೆಯಿಂದ ನಾನು ನೋಡಿದ್ದೇನೆ — ಅದನ್ನು ನಿಮಗೆ ಬರೆಯಲಾರೆ.

‘ತಂಗಿಯ ಮದುವೆ ಬಾಕಿಯಿತ್ತು, ಜಾತಿಯವರಿಗೆ ಹೆದರಿದೆ’ ಎನ್ನೋಣವೆಂದರೆ ಅವಳ ಮದುವೆ ಆಗಿಹೋಗಿತ್ತು. ಮಂಡಿಯವರಿಗೆ ನನ್ನ ನಾಲಿಗೆ ಬೇಕಿತ್ತೇ ಹೊರತು ಮಡಿಯಲ್ಲ. ಹುಡುಕಿದರೂ ಒಂದು ನೆಪ ಸಿಗುವುದಿಲ್ಲ.

ಎಷ್ಟೋ ಕಾಲದ ಮೇಲೆ ಭಟ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಮಾಮಲೇದಾರರು ಸಿಕ್ಕರು. ಹಳೆಯ ಮಾತು ಬಂತು. “ಅವತ್ತು ಚಲೋ ಇದ್ದದ್ದು ಆ ಬಾಯಿದೇ ಮಾರಾಯಾ,” ಎಂದು ನಕ್ಕರು. “ಎತ್ತಿ ಕುಡಿದ್ರೂ ನಂಗೆ ಗೊತ್ತಾತು. ನೀನೇ ಹುಳಿ ಅಂದ್ಮೇಲೆ ನಾನೂ ತಲೆ ಆಡಿಸ್ದೆ.”

ಕಪಾಳಕ್ಕೆ ಬಾರಿಸಬೇಕು ಎನ್ನಿಸಿತು. ಅವರಿಗೆ ನಗು ಬರುವಷ್ಟು ಸಣ್ಣ ಸಂಗತಿ ಅದು! ಆದರೆ ಕೈಯೆತ್ತಲು ನನಗೇನು ಹಕ್ಕು? ನಾನು ‘ಮೇಲು’ ಎಂದಿದ್ದರೆ ಅವರೂ ಮೇಲು ಎನ್ನುತ್ತಿದ್ದರು.

ನೀವೀಗ ಕುಮಟೆಯಲ್ಲಿ ಮಗಳ ಮನೆಯಲ್ಲಿದ್ದೀರೆಂದು ಕೇಳಿದೆ. ಬರುತ್ತೇನೆ. ನಿಮ್ಮ ಕ್ಷಮೆ ಕೇಳುವುದಕ್ಕಲ್ಲ — ಕೇಳಿದರೆ “ಹೋಗ್ಲಿ ಬಿಡಿ ದಲಾಲ್ರೆ” ಎಂದುಬಿಡುತ್ತೀರಿ, ಮತ್ತೊಮ್ಮೆ ನನ್ನನ್ನು ಉಳಿಸುತ್ತೀರಿ. ಅದು ಬೇಡ. ತಾಯಿ ತನ್ನನ್ನು ಬಿಟ್ಟು ಹೋದದ್ದು ಯಾರಿಂದ ಎಂದು ಲೀನಾಳಿಗೆ ನಾನೇ ಹೇಳಬೇಕು. ಕೇಳಿದ ಮೇಲೆ ಅವಳು ಏನು ಅನ್ನುತ್ತಾಳೋ ಅನ್ನಲಿ. ಆಗ ದಯವಿಟ್ಟು ನೀವು ನಡುವೆ ಬಾಯಿ ಹಾಕಬೇಡಿ.